ನಮ್ಮ ಸೀಮೆಯ ಊರುಗಳೂ ಕಾನುಗಳೂ

ಚರಿತ್ರೆಯೆಂದರೆ ದೆಹಲಿ, ವಿಜಯನಗರ, ಲಂಡನ್ ಮೊದಲಾದ ದೂರದ ರಾಜಧಾನಿಗಳ ವೃತ್ತಾಂತವೆಂದೇ ನಮ್ಮ ಬಾಲಿಕೆಯರಲ್ಲಿ ಅನೇಕರು ಭಾವಿಸಿರುತ್ತಾರೆ. ಪಾಣಿಪತ್ತಿನ ಯುದ್ಧದ ವರ್ಷವನ್ನು ತಪ್ಪಿಲ್ಲದೆ ಬರೆಯಬಲ್ಲವಳು ತನ್ನ ಹಳ್ಳಿಯ ಕೆರೆಯೇರಿಯ ಬಳಿ ನಿಂತಿರುವ ವೀರಗಲ್ಲನ್ನು ಕುರಿತು ಒಂದು ವಾಕ್ಯವನ್ನೂ ಬರೆಯಲಾರಳು. ಇದು ಆಕೆಯ ದೋಷವಲ್ಲ. ಪಠ್ಯಪುಸ್ತಕವು ಆಕೆಯ ಹಳ್ಳಿಯವರೆಗೆ ನಡೆದು ಬರುವುದಿಲ್ಲ. ಶಿಕಾರಿಪುರ ಮತ್ತು ಸೊರಬ ಸೀಮೆಗಳ ಊರುಗಳಿಗೂ ಕಾಡುಹಳ್ಳಿಗಳಿಗೂ ಸಾವಿರದೈನೂರು ವರ್ಷಗಳಿಗೆ ಕಡಮೆಯಿಲ್ಲದ ಚರಿತ್ರೆಯುಂಟು. ಅದಕ್ಕೆ ಕಲ್ಲು, ಕಾಗದ, ಬಾಯಿಮಾತು ಎಂಬ ಮೂರು ಸಾಕ್ಷಿಗಳುಂಟು. ಇವುಗಳಲ್ಲಿ ಒಂದೊಂದು ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಸುವುದು ಈ ಪಾಠದ ಉದ್ದೇಶವಾಗಿರುತ್ತದೆ.

೧. ಇಂಗ್ಲೆಂಡಿನವರ ಪದ್ಧತಿ

ಮೊದಲು ಇಂಗ್ಲೆಂಡಿನ ಕಡೆಗೆ ಒಂದು ನೋಟ ಬೀರೋಣ. ಏಕೆಂದರೆ ನಮ್ಮ ಸೀಮೆಯನ್ನು ಕುರಿತು ಕಾಗದದ ಮೇಲೆ ಬರೆದವರಲ್ಲಿ ಮುಖ್ಯರಾದವರು ಆ ನಾಡಿನ ಪದ್ಧತಿಯಲ್ಲಿ ನುರಿತವರು. ಅಲ್ಲಿನ ದೊರೆಯಾದ ವಿಲಿಯಮನು ೧೦೮೬ರಲ್ಲಿ ತನ್ನ ರಾಜ್ಯದ ಊರೂರಿನ ಲೆಕ್ಕವನ್ನು ಬರೆಯಿಸಿದನು. ಡೂಮ್ಸ್‌ಡೇ ಪುಸ್ತಕವೆಂದು ಹೆಸರಾದ ಆ ಗ್ರಂಥದಲ್ಲಿ ಎಷ್ಟೋ ಕಡೆ ಕಾಡಿನ ವಿಸ್ತಾರವನ್ನು, ಅದು ಎಷ್ಟು ಹಂದಿಗಳನ್ನು ಮೇಯಿಸಬಲ್ಲುದೆಂಬುದರಿಂದ ಅಳೆದಿದ್ದಾರೆ. ತೆರಿಗೆಗಾಗಿ ಬರೆದ ಲೆಕ್ಕವಾದುದರಿಂದ ಮರದ ಚೆಲುವಾಗಲಿ ನೆರಳಾಗಲಿ ಅದರಲ್ಲಿ ಕಾಣದು. ಏಳುನೂರು ವರ್ಷಗಳ ತರುವಾಯ ೧೭೮೯ರಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಗಳು ಸೆಲ್ಬೋರ್ನ್ ಎಂಬ ತಮ್ಮ ಸಣ್ಣ ಹಳ್ಳಿಯ ಹಕ್ಕಿಗಳನ್ನೂ ಮರಗಳನ್ನೂ ಮಳೆಬಿಸಿಲುಗಳನ್ನೂ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಮೊದಲನೆಯದು ಅರಸನ ಕಣ್ಣು. ಎರಡನೆಯದು ನೆರೆಯವನ ಕಣ್ಣು. ಒಂದು ಊರನ್ನು ಅರಿಯುವುದಕ್ಕೆ ಎರಡೂ ಬೇಕು.

ನಮ್ಮ ಸೀಮೆಯು ಈ ವಿಷಯದಲ್ಲಿ ಹಿಂದೆ ಬಿದ್ದುದಲ್ಲ. ಬಳ್ಳಿಗಾವಿಯ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ ವರ್ಷ ೧೦೪೭. ಎಂದರೆ ವಿಲಿಯಮನ ಲೆಕ್ಕದ ಪುಸ್ತಕಕ್ಕಿಂತ ಮೂವತ್ತೊಂಬತ್ತು ವರ್ಷ ಮುಂಚೆ. ನಮ್ಮಲ್ಲಿ ಬರೆಹಕ್ಕೆ ಕೊರತೆಯಿರಲಿಲ್ಲ, ಓದುವವರು ಕಡಮೆಯಾದರು.

೨. ಕಲ್ಲಿನ ಸಾಕ್ಷಿ

ಈ ಬರೆಹಗಳನ್ನು ಒಟ್ಟುಗೂಡಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಬಿ. ಎಲ್. ರೈಸ್ ಅವರಿಗೆ ಸಲ್ಲತಕ್ಕದ್ದು. ಇವರು ಲಂಡನ್ ಮಿಷನ್ನಿನ ಪಾದ್ರಿಗಳೊಬ್ಬರ ಮಗನಾಗಿ ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿ, ಉಪಾಧ್ಯಾಯರಾಗಿ ಕೆಲಸವನ್ನಾರಂಭಿಸಿ, ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಶಾಸನಗಳಲ್ಲಿ ಆಸಕ್ತಿಯನ್ನು ಬೆಳೆಸಿಕೊಂಡವರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಅವರ ಗ್ರಂಥಮಾಲೆಯಲ್ಲಿ ಶಿಕಾರಿಪುರದ ಶಾಸನಗಳು ೧೯೦೨ರಲ್ಲಿ ಏಳನೆಯ ಸಂಪುಟವಾಗಿಯೂ, ಸೊರಬದ ಶಾಸನಗಳು ೧೯೦೪ರಲ್ಲಿ ಎಂಟನೆಯ ಸಂಪುಟವಾಗಿಯೂ ಹೊರಬಂದುವು.

ಈ ಕಲ್ಲುಗಳಲ್ಲಿ ಮೊದಲ ಮರ್ಯಾದೆಯು ತಾಳಗುಂದದ ಸ್ತಂಭಕ್ಕೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವು ಅದರ ಮೇಲಿದೆ. ಓದುವುದಕ್ಕೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ರಾವುತನಿಂದ ಅಪಮಾನ ಹೊಂದಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದು, ಕಾಡನ್ನು ಸೇರಿ, ಕೊನೆಗೆ ರಾಜ್ಯವನ್ನು ಕಟ್ಟಿದ ಕಥೆಯನ್ನು ನಾವು ತಿಳಿದುದು ಈ ಕಲ್ಲಿನಿಂದಲೇ. ಅದೇ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಪುರಾತತ್ತ್ವ ಇಲಾಖೆಯವರು ೨೦೧೩-೧೪ರಲ್ಲಿ ಅಗೆದಾಗ, ಮೆಟ್ಟಿಲಿನ ಸಿಂಹಕಟಾಂಜನದ ಮೇಲೆ ಕನ್ನಡ ಪದಗಳುಳ್ಳ ಮತ್ತೊಂದು ಶಾಸನವು ದೊರೆಯಿತು. ಅದರ ಕಾಲವನ್ನು ಕ್ರಿ. ಶ. ೩೭೦ರ ಸುಮಾರೆಂದು ಇಲಾಖೆಯವರು ನಿರ್ಣಯಿಸಿದ್ದಾರೆ. ಒಂದೂವರೆ ಸಾವಿರ ವರ್ಷ ಜನರು ಅದರ ಬಳಿಯಲ್ಲಿಯೇ ನಡೆದಾಡಿದ್ದರೆಂಬುದನ್ನು ಯೋಚಿಸಿರಿ.

ಬಳ್ಳಿಗಾವಿಯ ಕೋಡಿಯ ಮಠವನ್ನು ಬಣ್ಣಿಸುವ ೧೧೬೨ರ ಶಾಸನವನ್ನು ಪ್ರತಿಯೊಬ್ಬ ಉಪಾಧ್ಯಾಯಿನಿಯೂ ಓದಬೇಕು. ವೇದವೇದಾಂಗಗಳನ್ನೂ ಹಲವು ವ್ಯಾಕರಣಗಳನ್ನೂ ಕಲಿಸುವ ಸ್ಥಾನವೆಂದು ಅದನ್ನು ಹೊಗಳಿದ ಬಳಿಕ ಶಾಸನಕಾರನು ಅಲ್ಲಿಗೇ ನಿಲ್ಲುವುದಿಲ್ಲ. ದೀನರಿಗೂ ಕುರುಡರಿಗೂ ಕಿವುಡರಿಗೂ ಅನ್ನವನ್ನಿಕ್ಕುವ, ಅನಾಥರಾದ ರೋಗಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆಂದೂ ಹೇಳುತ್ತಾನೆ. ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿ ಇರಬೇಕೆಂಬ ಭಾವನೆಯು ನಮ್ಮ ನೆಲಕ್ಕೆ ಹೊಸದಲ್ಲವೆಂದು ಇದರಿಂದ ವಿದಿತವಾಗುವುದು.

ಇನ್ನು ಬಂದಳಿಕೆಯ ಜಕ್ಕಿಯಬ್ಬೆಯ ವಿಷಯ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಆಕೆಯ ಗಂಡನು ಮರಣ ಹೊಂದಿದಾಗ ಆ ಅಧಿಕಾರವನ್ನು ಅರಸನು ಆಕೆಗೇ ಕೊಟ್ಟನು. ಆಕೆ ಹೆಣ್ಣಾದರೂ ನಾಡನ್ನು ಸಮರ್ಥವಾಗಿ ಪಾಲಿಸಿದಳೆಂದು ಶಾಸನವು ಹೇಳುತ್ತದೆ. ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಜೈನಧರ್ಮದ ವಿಧಿಯಂತೆ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಹೆಣ್ಣುಮಕ್ಕಳು ಆಳ್ವಿಕೆ ನಡೆಸುವುದು ಪಶ್ಚಿಮದಿಂದ ಬಂದ ಹೊಸ ಸುದ್ದಿಯೆಂದು ಹೇಳುವವರ ಮುಂದೆ ಈ ಒಂದು ಕಲ್ಲನ್ನು ಇಟ್ಟರೆ ಸಾಕು.

೩. ಕಾಗದದ ಸಾಕ್ಷಿ

ಕಲ್ಲು ದಾನವನ್ನೂ ಯುದ್ಧವನ್ನೂ ಮರಣವನ್ನೂ ಹೇಳುವುದು. ಸಾಮಾನ್ಯ ದಿನದ ಸಂಗತಿಗಳನ್ನು ಹೆಚ್ಚಾಗಿ ಹೇಳದು. ಆ ಕೊರತೆಯನ್ನು ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಕಾಗದಗಳು ತಕ್ಕಮಟ್ಟಿಗೆ ತುಂಬುತ್ತವೆ. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ೧೮೭೭ರಲ್ಲಿಯೂ, ಅದರ ಪರಿಷ್ಕೃತ ಮುದ್ರಣವು ೧೮೯೭ರಲ್ಲಿಯೂ ಬಂದುವು. ಶಿಕಾರಿಪುರಕ್ಕೆ ಕೆಳದಿಯ ನಾಯಕರ ಕಾಲದಲ್ಲಿ ಮಹಾದಾನಪುರವೆಂದು ಹೆಸರಿತ್ತೆಂದೂ, ಹೈದರಾಲಿ ಅಥವಾ ಟಿಪ್ಪುವಿನ ಕಾಲದ ಬೇಟೆಯಿಂದ ಈಗಿನ ಹೆಸರು ಬಂದಿತೆಂದೂ, ಸೊರಬದ ಹೆಸರು ಸುರಭಿಯೆಂಬ ಕಾಮಧೇನುವಿನಿಂದ ಬಂದುದೆಂದೂ ಅದರಲ್ಲಿ ಕಾಣುತ್ತೇವೆ. ಇವೆಲ್ಲ ಊರವರ ಬಾಯಿಂದಲೇ ಕಾಗದಕ್ಕೆ ಇಳಿದ ಮಾತುಗಳು. ಸೊರಬದ ಗುಡಿಗಾರರ ಗಂಧದ ಕೆತ್ತನೆಯ ಕುಶಲತೆಯನ್ನೂ ಅವರು ಮರೆತಿಲ್ಲ.

ಆದರೆ ಸೊರಬ ಸೀಮೆಯ ವಿಶೇಷವಾದ ಸಂಪತ್ತು ಅಲ್ಲಿನ ಕಾನುಗಳು. ಬಯಲುಸೀಮೆಯಲ್ಲಿ ಮದುವೆಯಾಗಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮಕ್ಕಳಿಗಾಗಿ ಈ ಶಬ್ದವನ್ನು ವಿವರಿಸುತ್ತೇನೆ. ಬೇಸಗೆಯಲ್ಲಿ ಎಲೆಯುದುರಿ ಬೋಳಾಗುವ ಕಾಡಿನ ನಡುವೆ ಅಲ್ಲಲ್ಲಿ ದ್ವೀಪಗಳಂತೆ ವರ್ಷವಿಡೀ ಹಸುರಾಗಿರುವ, ನೆಲಕ್ಕೆ ಬಿಸಿಲು ತಾಗದಷ್ಟು ದಟ್ಟವಾದ ಮರಗಳ ಸಮೂಹವೇ ಕಾನು. ಅದರೊಳಗೆ ಒಂದು ಬನದ ದೇವತೆ, ಒಂದು ನೀರಿನ ಸೆಲೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಗನಿ ಮರ, ಹಲಸು, ಮಾವು. ದೇವರ ಭಯದಿಂದಲೂ ಮೆಣಸಿನ ಲಾಭದಿಂದಲೂ ಜನರು ಅಲ್ಲಿ ಕೊಡಲಿಯನ್ನು ಆಡಿಸದೆ ಕಾಪಾಡಿದರು. ಕಾನು ಹಿಡಿದಿಟ್ಟ ನೀರು ಕೆಳಗಿನ ಕೆರೆಗೂ ಗದ್ದೆಗೂ ಮೆಲ್ಲಮೆಲ್ಲನೆ ಇಳಿಯುತ್ತಿತ್ತು.

ಜರ್ಮನ್ ದೇಶದಲ್ಲಿ ಹುಟ್ಟಿ ಇಂಡಿಯಾ ಸರ್ಕಾರದ ಅರಣ್ಯ ಇಲಾಖೆಗೆ ಮೊದಲ ಮುಖ್ಯಾಧಿಕಾರಿಯಾದ ಬ್ರಾಂಡಿಸ್ ಎಂಬವರೂ ಗ್ರ್ಯಾಂಟ್ ಎಂಬ ಅಧಿಕಾರಿಯೂ ೧೮೬೮ರಲ್ಲಿ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಒಂದು ವರದಿಯನ್ನು ಬರೆದರು. ಅವರ ಲೆಕ್ಕದಲ್ಲಿ ಕಾನುಗಳ ಸಂಖ್ಯೆ ೧೭೧. ವಿಸ್ತಾರವು ಮೂವತ್ತೆರಡು ಸಾವಿರ ಎಕರೆಗಳಿಗೂ ಮಿಕ್ಕುದು. ಈ ಲೆಕ್ಕಕ್ಕಾಗಿ ನಾವು ಕೃತಜ್ಞರಾಗಿರಬೇಕು. ಅವರು ಅಂದು ಎಣಿಸದಿದ್ದರೆ ಇಂದು ಎಷ್ಟನ್ನು ಕಳೆದುಕೊಂಡೆವೆಂದು ಅಳೆಯುವುದಕ್ಕೆ ಕೋಲೇ ಇರುತ್ತಿರಲಿಲ್ಲ. ಆದರೂ ಸರ್ಕಾರದ ಕಾಗದವು ಡೂಮ್ಸ್‌ಡೇ ಪುಸ್ತಕದಂತೆ ಎಕರೆ, ಉತ್ಪನ್ನ, ಹಕ್ಕು ಎಂಬ ಕಲಮುಗಳಲ್ಲಿ ಬರೆದುದು. ಯಾವ ಸೆಲೆ ಬೇಸಗೆಯಲ್ಲಿಯೂ ಬತ್ತದು, ಬಾಣಂತಿಯ ಕಷಾಯಕ್ಕೆ ಯಾವ ತೊಗಟೆ, ಯಾವ ದಿನ ಕಾನಿನೊಳಗೆ ಕಾಲಿಡಬಾರದು ಎಂಬುದಕ್ಕೆ ಅಲ್ಲಿ ಕಲಮಿಲ್ಲ.

೪. ಬಾಯಿಮಾತಿನ ಸಾಕ್ಷಿ

ಬಾಯಿಮಾತೆಂದರೆ ಕಟ್ಟುಕಥೆಯೆಂದು ತಳ್ಳಿಹಾಕುವ ವಿದ್ಯಾವಂತರುಂಟು. ಅಜ್ಜಿ ಹೇಳಿದುದೆಲ್ಲ ವೇದವೆಂದು ನಂಬುವವರೂ ಉಂಟು. ಇವೆರಡೂ ತರವಲ್ಲ. ಕುಬಟೂರನ್ನು ನೋಡಿರಿ. ಜೈಮಿನಿ ಭಾರತದ ಚಂದ್ರಹಾಸನು ಆಳಿದ ಕುಂತಳಪುರ ಇದೇ ಎಂದು ಅಲ್ಲಿನ ಜನರ ನಂಬಿಕೆ. ಚಂದ್ರಹಾಸನ ಕಥೆಯನ್ನು ಚರಿತ್ರೆಯೆನ್ನಲಾಗದು. ಆದರೆ ಕುಂತಳವೆಂಬುದು ಈ ನಾಡಿಗಿದ್ದ ಹೆಸರೆಂದು ಶಾಸನಗಳೇ ಸಾರುತ್ತವೆ. ಆ ಊರು ಒಂದಾನೊಂದು ಕಾಲದಲ್ಲಿ ಘನವಾಗಿತ್ತೆಂಬುದಕ್ಕೆ ೧೧೦೦ರ ಸುಮಾರಿನ ಕೈಟಭೇಶ್ವರ ದೇವಾಲಯವು ಕಣ್ಮುಂದೆ ನಿಂತಿದೆ. ಎಂದಮೇಲೆ ಜನರ ನೆನಪು ಅರಸನ ಹೆಸರನ್ನು ಪುರಾಣದಿಂದ ಕಡ ತಂದರೂ ನಾಡಿನ ಹೆಸರನ್ನೂ ಊರಿನ ಹಿರಿಮೆಯನ್ನೂ ಜೋಪಾನವಾಗಿ ಉಳಿಸಿಕೊಂಡಿತು.

ಮತ್ತೊಂದು ಹೋಲಿಕೆಯನ್ನು ಗಮನಿಸಿರಿ. ನಾಡನ್ನಾಳಿದ ಜಕ್ಕಿಯಬ್ಬೆಯನ್ನು ಕಲ್ಲು ಉಳಿಸಿತು, ಜನರ ನಾಲಿಗೆ ಮರೆಯಿತು. ಎರಡು ಶತಮಾನಗಳ ತರುವಾಯ ಇದೇ ಸೀಮೆಯ ಉಡುತಡಿಯಲ್ಲಿ ಹುಟ್ಟಿ ಅರಮನೆಯನ್ನು ತೊರೆದು ಹೊರಟ ಮಹಾದೇವಿಯಕ್ಕನನ್ನು ಜನರ ನಾಲಿಗೆಯೇ ಉಳಿಸಿತು. ಆಕೆಯ ವಚನಗಳು ಬೀಸುವ ಕಲ್ಲಿನ ಮುಂದೆಯೂ ತೊಟ್ಟಿಲ ಬಳಿಯೂ ಇಂದಿಗೂ ಬಾಳುತ್ತಿವೆ. ಒಂದು ಸಾಕ್ಷಿಯನ್ನೇ ನಂಬಿದ್ದರೆ ಈ ಇಬ್ಬರಲ್ಲಿ ಒಬ್ಬಳನ್ನು ನಾವು ಕಳೆದುಕೊಳ್ಳುತ್ತಿದ್ದೆವು.

ಇನ್ನು ಸಮೀಪದ ಕಾಲದ ಈಸೂರು. ೧೯೪೨ರ ಸೆಪ್ಟೆಂಬರಿನಲ್ಲಿ ಆ ಹಳ್ಳಿಯವರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ಬಾಲಕರನ್ನೇ ತಮ್ಮ ಅಮಲ್ದಾರನನ್ನಾಗಿಯೂ ಇನ್‌ಸ್ಪೆಕ್ಟರನನ್ನಾಗಿಯೂ ನೇಮಿಸಿಕೊಂಡರು. ಅನಂತರದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾದರು. ಊರವರು ಕಾಡನ್ನು ಹೊಕ್ಕರು. ೧೯೪೩ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ನ್ಯಾಯಾಲಯದ ಕಾಗದವು ಅಪರಾಧವನ್ನೂ ಶಿಕ್ಷೆಯನ್ನೂ ಬರೆದುಕೊಂಡಿತು. ಕಾಡಿನಲ್ಲಿ ಅಡಗಿದವರು ಏನನ್ನು ಉಂಡರು, ಕೊಟ್ಟಿಗೆಯ ದನಗಳಿಗೆ ನೀರು ತೋರಿಸಿದವರು ಯಾರು, ತಂದೆಯನ್ನು ಕಳೆದುಕೊಂಡ ಮಕ್ಕಳು ಹೇಗೆ ಬೆಳೆದರು ಎಂದು ಅದು ಕೇಳಲಿಲ್ಲ. ಹತ್ತು ವರ್ಷದ ಹುಡುಗಿಯಾಗಿ ಅದನ್ನೆಲ್ಲ ಕಂಡವಳು ಈಗ ಬದುಕಿದ್ದರೆ ತೊಂಬತ್ತನ್ನು ದಾಟಿರುತ್ತಾಳೆ. ಕಲ್ಲು ಕಾಯುತ್ತದೆ, ಕಾಗದವೂ ಕೆಲಕಾಲ ಕಾಯುತ್ತದೆ, ಬಾಯಿಮಾತು ಕಾಯುವುದಿಲ್ಲ.

೫. ನಮ್ಮ ಪಾಲಿನ ಕೆಲಸ

ಕಾನುಗಳ ಗತಿಯೂ ಇದೇ. ೧೮೬೮ರ ಲೆಕ್ಕದಲ್ಲಿದ್ದ ಕಾನುಗಳಲ್ಲಿ ಎಷ್ಟೋ ಈಗ ಕಿರಿದಾಗಿವೆ; ಕೆಲವೆಡೆ ಹೊಲವಾಗಿವೆ, ಕೆಲವೆಡೆ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳಾಗಿವೆ. ಹೆಸರಿದ್ದ ಕಾನಿಗೆ ಕೇಳುವವರಿರುತ್ತಾರೆ. ಹೆಸರು ಮರೆತ ಕಾನು ಬರಿಯ ಸರ್ವೆ ನಂಬರಾಗುತ್ತದೆ. ನಂಬರಿಗಾಗಿ ಮರುಗುವವರು ಯಾರೂ ಇಲ್ಲ. ಆದುದರಿಂದ ಹೆಸರನ್ನು ಉಳಿಸುವುದೇ ಕಾನನ್ನು ಉಳಿಸುವ ಮೊದಲ ಮೆಟ್ಟಲು.

ಈ ಕಾರ್ಯಕ್ಕೆ ಹೆಣ್ಣುಮಕ್ಕಳಿಗಿಂತ ತಕ್ಕವರಿಲ್ಲ. ನಮ್ಮ ಪದ್ಧತಿಯಲ್ಲಿ ಗಂಡಸಿಗೆ ಒಂದೇ ಊರು; ಹೆಂಗಸಿಗೆ ತವರೂರು, ಗಂಡನೂರು ಎಂದು ಎರಡು. ತವರಿನ ಕೆರೆ, ಕಾನುಗಳ ಹೆಸರುಗಳು ಆಕೆಯ ಜೊತೆಯಲ್ಲಿ ಹೊರಟು ಹೋಗುತ್ತವೆ. ಹೊಸ ಊರಿನವುಗಳನ್ನು ಆಕೆ ಒಂದೊಂದಾಗಿ ಕೇಳಿ ಕಲಿಯುತ್ತಾಳೆ. ಕೇಳಿ ಕಲಿತವಳಿಗೆ ಕೇಳುವ ಅಭ್ಯಾಸವಿರುತ್ತದೆ. ಅಕ್ಷರ ಬಲ್ಲ ಹೆಣ್ಣುಮಗಳು ಎರಡು ಊರುಗಳ ಚರಿತ್ರಕಾರಳಾಗಬಲ್ಲಳು.

ಆದಕಾರಣ ಹಳೆಯ ವಿದ್ಯಾರ್ಥಿನಿಯರಿಗೆ ಈ ಮನೆಗೆಲಸವನ್ನು ಕೊಡುತ್ತೇನೆ, ಇದಕ್ಕೆ ಅಂಕಗಳಿಲ್ಲ.

(ಅ) ನಿಮ್ಮ ಎರಡೂ ಊರುಗಳ ಕಾನು, ಕೆರೆ, ಹಳ್ಳ, ಗದ್ದೆಬಯಲುಗಳ ಹೆಸರುಗಳನ್ನು ಮನೆಯ ಹಿರಿಯರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆಯಿರಿ.

(ಆ) ಒಂದೊಂದರ ಎದುರಿಗೂ ಹೇಳಿದವರ ಹೆಸರು, ವಯಸ್ಸು, ಕೇಳಿದ ತಾರೀಖುಗಳನ್ನು ಗುರುತಿಸಿರಿ. ಅವರು ಕಣ್ಣಾರೆ ಕಂಡುದನ್ನೂ ಇನ್ನೊಬ್ಬರಿಂದ ಕೇಳಿದುದನ್ನೂ ಬೇರೆಬೇರೆ ಬರೆಯಿರಿ.

(ಇ) ಊರಿನಲ್ಲಿ ಬರೆಹದ ಕಲ್ಲಿದ್ದರೆ ಅದಕ್ಕೆ ಸುಣ್ಣಬಣ್ಣಗಳನ್ನು ಬಳಿಯಗೊಡಬೇಡಿರಿ. ಬಟ್ಟೆ ಒಗೆಯುವ ಹಾಸುಗಲ್ಲಾಗಿದ್ದರೆ ಎತ್ತಿ ನಿಲ್ಲಿಸುವಂತೆ ಊರ ಪ್ರಮುಖರಿಗೆ ಹೇಳಿರಿ. ರೈಸ್ ಸಾಹೇಬರ ಸಂಪುಟದಲ್ಲಿ ಅದು ಸೇರಿದೆಯೇ ಎಂದು ದೊಡ್ಡ ಪುಸ್ತಕಭಂಡಾರದಲ್ಲಿ ಹುಡುಕಿಸಿರಿ.

(ಈ) ಇಬ್ಬರು ಹಿರಿಯರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಿರಿ. ತೀರ್ಪು ಹೇಳುವ ಅವಸರ ಬೇಡ.

ತಾಯಿತಂದೆಗಳಲ್ಲಿ ನನ್ನ ಬಿನ್ನಹ ಇಷ್ಟೆ. ರಜೆಗೆ ಬಂದ ಮಗಳು ಅಜ್ಜಿಯ ಬಳಿ ಪುಸ್ತಕ ಹಿಡಿದು ಕುಳಿತರೆ ಅದನ್ನು ಕಾಲಹರಣವೆಂದು ಎಣಿಸದೆ, ಒಂದು ಗಳಿಗೆ ಅಡಿಗೆಮನೆಯ ಕೆಲಸದಿಂದ ಆಕೆಯನ್ನು ಬಿಟ್ಟುಕೊಡಿರಿ. ಅಜ್ಜಿಯು ತನಗೇನೂ ತಿಳಿಯದೆಂದು ಮೊದಲು ಹೇಳುವಳು. ಕಾನಿನ ಹೆಸರನ್ನು ಕೇಳಿರಿ; ಮಾತು ತಾನಾಗಿಯೇ ಹರಿಯುವುದು.