ನಮ್ಮ ಊರಿನ ಯೋಜನೆ: ಯಾರನ್ನು ಕೇಳಿ ಬರೆದದ್ದು?



ಅನೇಕ ವರ್ಷಗಳ ಹಿಂದೆ ದಕ್ಷಿಣ ಕೊಡಗಿನ ಒಂದು ಊರಿನಲ್ಲಿ ನಾವು ಗ್ರಾಮ ನಕ್ಷೆ ಬರೆಸಿದೆವು. ಪಂಚಾಯಿತಿ ಸಭಾಂಗಣದಲ್ಲಿ ಸುಮಾರು ಮೂವತ್ತು ಜನ ಸೇರಿದ್ದರು. ದೊಡ್ಡ ಚಾರ್ಟಿನ ಮೇಲೆ ಶಾಲೆ, ದೇವಸ್ಥಾನ, ನ್ಯಾಯಬೆಲೆ ಅಂಗಡಿ, ರಸ್ತೆ, ತೋಟ, ಗದ್ದೆ ಎಲ್ಲವನ್ನೂ ಬಣ್ಣ ಬಣ್ಣವಾಗಿ ಬರೆದರು. ಕೆಲಸ ಚೆನ್ನಾಗಿ ಆಯಿತೆಂದು ನಮಗೂ ಸಂತೋಷ. ಸಭೆ ಮುಗಿಯುವ ಹೊತ್ತಿಗೆ ಬಾಗಿಲ ಹತ್ತಿರ ನಿಂತಿದ್ದ ಯರವ ಸಮುದಾಯದ ತಾಯಿಯೊಬ್ಬರು ಮೆಲ್ಲನೆ ಕೇಳಿದರು: "ಸಿಸ್ಟರ್, ಇದ್ರಲ್ಲಿ ನಮ್ಮ ಹಾಡಿ ಎಲ್ಲಿ ಉಂಟು?"

ನಾವು ಹುಡುಕಿದೆವು. ಹಾಡಿ ಇರಲಿಲ್ಲ. ಎರಡು ತೋಟದ ಲೈನ್ ಮನೆಗಳೂ ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಬರೆದವರಿಗೆ ಅವು ನೆನಪಾಗಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಆ ನಕ್ಷೆಯನ್ನೇ ಆಧಾರ ಮಾಡಿ ಯೋಜನೆ ಬರೆದಿದ್ದರೆ ಅಷ್ಟೂ ಮನೆಯವರು ಲೆಕ್ಕದಿಂದ ಹೊರಗೆ ಉಳಿಯುತ್ತಿದ್ದರು. ಆ ದಿನದಿಂದ ನಾವು ಕಲಿತ ಪಾಠವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಗ್ರಾಮ ಸಭೆಗೆ ಬಂದವರನ್ನು ಮಾತ್ರ ಕೇಳಿದರೆ ಸಾಲದು, ಬಾರದವರ ಬಳಿಗೆ ನಾವೇ ಮೊದಲು ಹೋಗಬೇಕು.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಪಂಚಾಯಿತಿಗಳು ಯೋಜನೆ ತಯಾರಿಸಬೇಕು ಎಂಬ ಮಾತು ಅದರಲ್ಲಿದೆ. ಕುಡಿಯುವ ನೀರು, ರಸ್ತೆ, ವಸತಿ, ಶಿಕ್ಷಣ ಸೇರಿದಂತೆ 29 ವಿಷಯಗಳ ಪಟ್ಟಿಯನ್ನೂ ಕೊಟ್ಟಿದೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. 2015ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂದು, ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ ಎಂಬ ಮೂರು ಮೆಟ್ಟಿಲುಗಳಾದವು. ಬೇಡಿಕೆ ಜನವಸತಿಯಲ್ಲಿ ಹುಟ್ಟಿ, ವಾರ್ಡಿನಲ್ಲಿ ಸೇರಿ, ಗ್ರಾಮ ಸಭೆಯಲ್ಲಿ ಗಟ್ಟಿಯಾಗಬೇಕು ಎಂಬುದು ಇದರ ಉದ್ದೇಶ. ಹಾಡಿಯೂ ಒಂದು ಜನವಸತಿಯೇ ಎಂಬುದನ್ನು ಮರೆಯಬಾರದು.

14ನೇ ಹಣಕಾಸು ಆಯೋಗದ ಅನುದಾನ 2015ರಿಂದ ಗ್ರಾಮ ಪಂಚಾಯಿತಿಗಳಿಗೆ ಬರತೊಡಗಿದಾಗ ಪ್ರತಿ ಪಂಚಾಯಿತಿಯೂ ಅಭಿವೃದ್ಧಿ ಯೋಜನೆ ಬರೆಯಬೇಕಾಯಿತು. ಕರ್ನಾಟಕದಲ್ಲಿ ಇದಕ್ಕೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎಂದು ಹೆಸರಿಟ್ಟರು. 2018ರ ಅಕ್ಟೋಬರ್ 2ರಂದು ದೇಶದಾದ್ಯಂತ ಜನ ಯೋಜನೆ ಅಭಿಯಾನ ಆರಂಭವಾಯಿತು. 15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಪಂಚಾಯಿತಿ ಅನುದಾನದ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂದರೆ ಕಾನೂನಿನ ದಾರಿ ಇತ್ತು, ಹಣವೂ ಬಂತು. ಯಾರ ನೀರು, ಯಾರ ಮನೆಯ ಮುಂದಿನ ದಾರಿ ಎಂಬುದನ್ನು ಮಾತ್ರ ಊರಿನವರೇ ಹೇಳಬೇಕು.

ಕೊಡಗಿನಲ್ಲಿ ಇದು ಏಕೆ ಕಷ್ಟ?

ಬಯಲುಸೀಮೆಯ ಊರಿನಲ್ಲಿ ಅರಳಿಕಟ್ಟೆಯ ಹತ್ತಿರ ಡಂಗುರ ಹೊಡೆದರೆ ಊರೇ ಕೇಳುತ್ತದೆ. ನಮ್ಮಲ್ಲಿ ಮನೆಗಳು ತೋಟಗಳ ನಡುವೆ ಚದುರಿವೆ. ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವ ಭಾಷೆ, ಜೇನುಕುರುಬರ ನುಡಿ ಎಲ್ಲವೂ ಇರುತ್ತವೆ. ಸಭೆಯ ಕನ್ನಡ ಎಲ್ಲರ ಬಾಯಿಗೂ ಒಗ್ಗುವುದಿಲ್ಲ.

ಇನ್ನು ಲೈನ್ ಮನೆಯವರ ಸಂಗತಿ. ಮನೆ ತೋಟದ್ದು, ಹೊತ್ತು ಕೂಲಿಯದ್ದು. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಒಂದು ದಿನದ ಕೂಲಿ ಹೋಯಿತು. "ಸಭೆಗೆ ಬಂದ್ರೆ ಸಂಜೆ ಅಕ್ಕಿಗೆ ಏನ್ ಮಾಡೋದು ಸಿಸ್ಟರ್?" ಎಂದು ಕೇಳಿದವರಿಗೆ ನಾವು ಏನು ಉತ್ತರ ಕೊಡಬೇಕು? ಅಸ್ಸಾಂ ಮುಂತಾದ ಕಡೆಯಿಂದ ಕೆಲಸಕ್ಕೆ ಬಂದವರ ಹೆಸರಂತೂ ಇಲ್ಲಿಯ ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ. ಆದರೆ ಅವರ ಮಕ್ಕಳೂ ಇದೇ ತೋಡಿನ ನೀರು ಕುಡಿಯುತ್ತಾರೆ.

ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸರು 1983ರ ತಮ್ಮ ಪುಸ್ತಕದಲ್ಲಿ ನಮ್ಮಂಥ ಕಾರ್ಯಕರ್ತರ ತಪ್ಪನ್ನು ಸರಿಯಾಗಿ ಗುರುತಿಸಿದ್ದಾರೆ. ಹೊರಗಿನಿಂದ ಬಂದವರು ಟಾರು ರಸ್ತೆಯ ಪಕ್ಕದ ಮನೆಗಳನ್ನೇ ನೋಡುತ್ತಾರೆ, ಮಳೆ ಇಲ್ಲದ ಕಾಲದಲ್ಲೇ ಬರುತ್ತಾರೆ, ಗಂಡಸರನ್ನೂ ಮುಖಂಡರನ್ನೂ ಮಾತಾಡಿಸಿ ಹೋಗುತ್ತಾರೆ ಎಂಬುದು ಅವರ ಮಾತಿನ ಸಾರ. ಕೊಡಗಿಗೆ ಇದು ಪೂರಾ ಒಪ್ಪುತ್ತದೆ. ಫೆಬ್ರವರಿಯಲ್ಲಿ ಜೀಪು ಹೋಗುವ ದಾರಿ ಕಕ್ಕಡ ತಿಂಗಳಲ್ಲಿ ಹೇಗಿರುತ್ತದೆ ಎಂದು ನೋಡಿದವರು ಎಷ್ಟು ಜನ?

ನಾವು ಅನುಸರಿಸುವ ಕ್ರಮ

ಜನರೇ ನೆಲದ ಮೇಲೆ ನಕ್ಷೆ ಬರೆದು ತಮ್ಮ ಊರನ್ನು ತಾವೇ ಅಭ್ಯಾಸ ಮಾಡುವ ವಿಧಾನ 1980ರ ದಶಕದ ಕೊನೆಯಲ್ಲಿ ಮೈರಾಡಾದಂಥ ಸಂಸ್ಥೆಗಳ ಮೂಲಕ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಯಿತು. ಅದನ್ನು ನಮ್ಮ ಊರಿಗೆ ಹೊಂದಿಸಿಕೊಂಡು ಹೀಗೆ ಮಾಡಬಹುದು.

1. ನಡೆದು ನೋಡುವುದು. ಮೊದಲು ಊರಿನವರ ಜೊತೆ ನಡೆಯಿರಿ. ಟಾರು ರಸ್ತೆ ಮುಗಿದಲ್ಲಿಂದ ಶುರುಮಾಡಿ. ಸಾಧ್ಯವಾದರೆ ಒಮ್ಮೆ ಮಳೆಯಲ್ಲೂ ಹೋಗಿ. ಹಾಡಿ, ಲೈನ್ ಮನೆ, ಕಾಲೊನಿ, ಪೈಸಾರಿಯಲ್ಲಿ ಒಂಟಿಯಾಗಿರುವ ಮನೆ ಎಲ್ಲವನ್ನೂ ಎಣಿಸಿ ಬರೆದುಕೊಳ್ಳಿ.

2. ನೆಲದ ಮೇಲೆ ನಕ್ಷೆ. ಚಾರ್ಟು, ಪೆನ್ನು ತಂದ ಕೂಡಲೇ ಓದು ಬರೆಹ ಬಲ್ಲವರ ಕೈ ಮುಂದಾಗುತ್ತದೆ. ಅಂಗಳದಲ್ಲಿ ರಂಗೋಲಿ ಪುಡಿ, ಇದ್ದಿಲು, ಕಾಫಿ ಎಲೆ, ಕಲ್ಲು ಇಟ್ಟರೆ ಅಜ್ಜಿಯೂ ಮಗುವೂ ಕೂತು ಬರೆಯುತ್ತಾರೆ. ಪ್ರತಿ ಜನವಸತಿಯಲ್ಲಿ ಬೇರೆ ಬೇರೆ ನಕ್ಷೆ ಮಾಡಿಸಿ, ಆಮೇಲೆ ಸೇರಿಸಿ.

3. ವರ್ಷದ ಪಟ್ಟಿ. ಹನ್ನೆರಡು ತಿಂಗಳಲ್ಲಿ ಕೆಲಸ ಯಾವಾಗ, ಸಾಲ ಯಾವಾಗ, ಕಾಯಿಲೆ ಯಾವಾಗ ಎಂದು ಕೇಳಿ. ಕಾಫಿ ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ಕಾಸು ಇರುತ್ತದೆ. ಜೋರು ಮಳೆಯಲ್ಲಿ ಕೆಲಸವೂ ಇಲ್ಲ, ಒಲೆಗೆ ಒಣ ಸೌದೆಯೂ ಇಲ್ಲ. ಸಾಲದ ಬೇರು ಎಲ್ಲಿದೆ ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ.

4. ಬೀಜ ಇಟ್ಟು ಆರಿಸುವುದು. ಬಂದ ಬೇಡಿಕೆಗಳಿಗೆ ಒಂದೊಂದು ಗುರುತು ಇಟ್ಟು, ಪ್ರತಿಯೊಬ್ಬರ ಕೈಗೆ ಹತ್ತು ಕಾಫಿ ಬೀಜ ಕೊಡಿ. ಯಾವುದು ಹೆಚ್ಚು ಬೇಕೋ ಅದಕ್ಕೆ ಹೆಚ್ಚು ಬೀಜ. ಗಂಡಸರು, ಹೆಂಗಸರು, ಮಕ್ಕಳು ಬೇರೆ ಬೇರೆಯಾಗಿ ಮಾಡಲಿ. ನಮ್ಮ ಅನುಭವದಲ್ಲಿ ಈ ಮೂರು ಗುಂಪುಗಳ ಆಯ್ಕೆ ಒಂದೇ ಆಗಿದ್ದು ಬಹಳ ಅಪರೂಪ. ಬೇರೆಯಾದಾಗ ಗಾಬರಿ ಬೇಡ. "ಯಾಕೆ ಹೀಗೆ ಇಟ್ರಿ?" ಎಂದು ಪರಸ್ಪರ ಕೇಳುವುದರಿಂದಲೇ ಚರ್ಚೆ ಹುಟ್ಟುತ್ತದೆ.

5. ಮೂರು ಪಟ್ಟಿ. ನಾವೇ ಮಾಡಿಕೊಳ್ಳಬಹುದಾದದ್ದು, ಪಂಚಾಯಿತಿ ಮಾಡಬೇಕಾದದ್ದು, ಬೇರೆ ಇಲಾಖೆಗೆ ಹೋಗಬೇಕಾದದ್ದು ಎಂದು ವಿಂಗಡಿಸಿ. ಎಲ್ಲವನ್ನೂ ಪಂಚಾಯಿತಿಯ ತಲೆಗೆ ಹಾಕಿದರೆ ಯಾವುದೂ ಆಗುವುದಿಲ್ಲ.

6. ಲಿಖಿತವಾಗಿ ಕೊಡುವುದು. ಬೇಡಿಕೆಯನ್ನು ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ವಾರ್ಡ್ ಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಸೇರಿದೆಯೇ ಎಂದು ನೋಡಿ. ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಬೇಡಿಕೆ ಸಭೆ ಮುಗಿದ ಮೇಲೆ ಉಳಿಯುವುದಿಲ್ಲ.

ಸಮಯದ ಬಗ್ಗೆ ಒಂದು ಮಾತು. ಅಕ್ಟೋಬರ್ ಆರಂಭದಲ್ಲಿ ಅಭಿಯಾನ ಶುರುವಾದರೂ ಸಭೆಗಳು ನಡೆಯುವಾಗ ಕಾಫಿ ಕೊಯ್ಲು ಹತ್ತಿರ ಬಂದಿರುತ್ತದೆ. ಆಗ ಲೈನ್ ಮನೆಯವರು ಸಿಗುವುದಿಲ್ಲ. ಆದ್ದರಿಂದ ಕೈಲ್ ಮುಹೂರ್ತ ಕಳೆದ ಮೇಲೆ, ಸೆಪ್ಟೆಂಬರ್ ತಿಂಗಳಲ್ಲೇ ಮೇಲಿನ ಐದು ಹಂತಗಳನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಸಂಜೆ ಹೊತ್ತು ಅಥವಾ ಕೂಲಿಗೆ ರಜೆ ಇರುವ ಸಂತೆ ದಿನ ನೋಡಿ ಸೇರಿ. ತೋಟದ ಮಾಲೀಕರಿಗೂ ರೈಟರಿಗೂ ಮೊದಲೇ ವಿಷಯ ತಿಳಿಸಿ. ಗುಟ್ಟಾಗಿ ಮಾಡಿದರೆ ಸಂಶಯ ಬೆಳೆಯುತ್ತದೆ, ಅದರ ನೋವು ಕೂಲಿಯವರಿಗೇ ತಟ್ಟುತ್ತದೆ.

'ಇದು ಫಾರೆಸ್ಟ್ ಜಾಗ' ಎಂದಾಗ

ಹಾಡಿಗಳಲ್ಲಿ ಕರೆಂಟು, ರಸ್ತೆ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಅರಣ್ಯ ಜಾಗ, ಆಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಇದಕ್ಕೆ ದಾರಿ ತೋರಿಸುತ್ತದೆ. ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರಿನ ಪೈಪು, ರಸ್ತೆ, ಸಮುದಾಯ ಭವನ ಸೇರಿ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಜಾಗವನ್ನು ಬಳಸಬಹುದು. ಷರತ್ತುಗಳಿವೆ: ಪ್ರತಿ ಕೆಲಸಕ್ಕೆ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮ ಸಭೆಯ ಶಿಫಾರಸು ಬೇಕೇ ಬೇಕು.

ಇಲ್ಲಿ ಗಮನಿಸಿ. ಈ ಕಾಯ್ದೆಯ ಕೆಲಸಗಳಿಗೆ 2012ರಲ್ಲಿ ತಿದ್ದುಪಡಿಯಾದ ನಿಯಮದಂತೆ ಗ್ರಾಮ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಹಾಡಿಯವರು ಸೇರದೆ ಕಾಗದದಲ್ಲಿ ಮಾತ್ರ ನಡೆದ ಸಭೆಯ ನಿರ್ಣಯ ನಿಲ್ಲುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವು ಮಾಡಿದ್ದು ನಿಮಗೆಲ್ಲ ನೆನಪಿದೆ. ಆಮೇಲೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಿದರು. ಇಂಥ ಸಂದರ್ಭದಲ್ಲಿ ಮನೆ ಎಷ್ಟು ಚದರ ಅಡಿ ಎಂಬುದರ ಜೊತೆಗೆ ಕೂಲಿ ಎಲ್ಲಿ, ಶಾಲೆ ಎಲ್ಲಿ, ನೆಂಟರು ಎಲ್ಲಿ ಎಂದೂ ಕೇಳಬೇಕಾಗುತ್ತದೆ. ಅದನ್ನು ಹೇಳಬಲ್ಲವರು ಅಲ್ಲಿ ವಾಸ ಮಾಡುವವರೇ.

ಗುಡ್ಡದ ನೆನಪು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕುಸಿದವು. ಮರುವರ್ಷ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅತಿ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ 2018ರ ಕುಸಿತಗಳಿಗೆ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಹೇಳಿದರು. ಆದ್ದರಿಂದ ನಮ್ಮ ನಕ್ಷೆಯಲ್ಲಿ ಇನ್ನೂ ಕೆಲವು ಗುರುತು ಬೇಕು: ಹೊಸದಾಗಿ ಒಸರು ಎದ್ದ ಜಾಗ, ನೆಲ ಬಿರುಕು ಬಿಟ್ಟ ಜಾಗ, ಜೆಸಿಬಿ ಬರೆ ಕಡಿದ ಜಾಗ, ರಾತ್ರಿ ಓಡಬೇಕಾದರೆ ಯಾವ ದಾರಿ, ನಡೆಯಲಾರದವರು ಯಾವ ಮನೆಯಲ್ಲಿದ್ದಾರೆ. ಇದು ತೋಟದಲ್ಲಿ ದಿನವೂ ಓಡಾಡುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಇದರಲ್ಲಿ ಸಾಹುಕಾರರಿಗೂ ಕೂಲಿಯವರಿಗೂ ಹಿತ ಒಂದೇ. ಒಟ್ಟಿಗೆ ಕೂರಿಸಲು ಇದು ಒಳ್ಳೆಯ ಆರಂಭ.

ಮೊದಲು ಹೇಳಿದ ಊರಿನಲ್ಲಿ ಏನಾಯಿತು?

ನಾವು ಮತ್ತೆ ಹೋಗಿ ಹಾಡಿಯ ಅಂಗಳದಲ್ಲೇ ಕೂತೆವು. ಅವರು ಸಮುದಾಯ ಭವನ ಕೇಳುತ್ತಾರೆಂದು ನಾವು ಎಣಿಸಿದ್ದೆವು. ಹೆಂಗಸರ ಬೀಜಗಳೆಲ್ಲ ಬಿದ್ದದ್ದು ತೋಡಿನ ಮೇಲೆ. "ಮಳೆಗಾಲದಲ್ಲಿ ಪಾಲ ಕೊಚ್ಕೊಂಡ್ ಹೋಗ್ತದೆ, ಮಕ್ಕ ಶಾಲೆಗೆ ಹೋಗಲ್ಲ, ಬಸುರಿ ಹೆಂಗಸ್ರನ್ನ ಹೊತ್ಕೊಂಡ್ ದಾಟ್ಸಬೇಕು" ಎಂದರು. ಆ ವರ್ಷದ ಸಭೆಯಲ್ಲಿ ಹಾಡಿಯ ಇಬ್ಬರು ಹೆಂಗಸರೇ ಎದ್ದು ಓದಿದರು. ಒಬ್ಬರ ಕೈ ನಡುಗುತ್ತಿತ್ತು. ಎರಡು ವರ್ಷ ಬಿಟ್ಟು ಕಾಲುಸೇತುವೆ ಆಯಿತು. ಕರೆಂಟಿನ ಅರ್ಜಿ ಮಾತ್ರ ಬಹಳ ಕಾಲ ಅಲೆಸಿತು. ನಾವು ಅಂದುಕೊಂಡಂತೆ ಭವನ ಬರೆದು ಕೊಟ್ಟಿದ್ದರೆ ಅದು ಕಟ್ಟಿ ಮುಗಿದಿರುತ್ತಿತ್ತೋ ಏನೋ, ಮಕ್ಕಳು ಮಾತ್ರ ಮಳೆಗಾಲದಲ್ಲಿ ಮನೆಯಲ್ಲೇ ಇರುತ್ತಿದ್ದರು.

ನಮಗೂ ಒಂದು ಎಚ್ಚರಿಕೆ ಬೇಕು. ಬರೆಯಲು ಬರುತ್ತದೆಂದು ಕಾರ್ಯಕರ್ತರು ಪೆನ್ನು ಹಿಡಿದರೆ ಯೋಜನೆ ಸಂಸ್ಥೆಯದಾಗುತ್ತದೆ. ಜನರು ನಮ್ಮ ಮುಖ ನೋಡಿ ನಮಗೆ ಇಷ್ಟವಾದದ್ದನ್ನೇ ಹೇಳುವುದೂ ಉಂಟು. ಆದ್ದರಿಂದ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ವಾರ್ಡಿನಲ್ಲಿ ಕಳೆದ ಗ್ರಾಮ ಸಭೆಗೆ ಯಾರು ಯಾರು ಬರಲಿಲ್ಲ? ಏಕೆ?
2. ನಮ್ಮ ಪಂಚಾಯಿತಿಯ ಈ ವರ್ಷದ ಯೋಜನೆಯನ್ನು ನಾವು ನೋಡಿದ್ದೇವೆಯೇ? ಪಿಡಿಒ ಅವರಲ್ಲಿ ಯಾರು ಕೇಳುತ್ತೀರಿ?
3. ಟಾರು ರಸ್ತೆಯಿಂದ ಅತಿ ದೂರದ ಮನೆ ಯಾವುದು? ಅಲ್ಲಿಗೆ ಈ ತಿಂಗಳು ಯಾವ ಇಬ್ಬರು ಹೋಗಿ ಬರುತ್ತೀರಿ?

ಉತ್ತರಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಒಕ್ಕೂಟದ ಸಭೆಗೆ ತನ್ನಿರಿ. ಮೂರನೆಯ ಪ್ರಶ್ನೆಗೆ ಹೋಗಿ ಬಂದವರ ಹೆಸರನ್ನೂ ತಪ್ಪದೆ ಬರೆಯಿರಿ.