ಒಡೆಯ, ಒಡವೆ, ಒಡೆತನ: ಇಂಗ್ಲಿಷಿನ ‘ಓನ್’ ಪದಕ್ಕೆ ಕನ್ನಡದ ಉತ್ತರಗಳು

ಇಂಗ್ಲಿಷಿನ ‘ಓನ್’ ಎಂಬ ಪದವನ್ನು ಕನ್ನಡಕ್ಕೆ ತರುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ಸ್ವಂತ’ ಅಥವಾ ‘ಹೊಂದು’ ಎಂಬ ಎರಡೇ ಪದಗಳಿಗೆ ಶರಣಾಗುತ್ತಾರೆ. ಕನ್ನಡದಲ್ಲಿ ಈ ಅರ್ಥಕ್ಷೇತ್ರವು ಅಷ್ಟು ಕಿರಿದಾದುದಲ್ಲ. ಭಾಷಾಂತರ ಪತ್ರಿಕೆಗೆ ಸಿದ್ಧರಾಗುತ್ತಿರುವವರಿಗೂ, ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಗಡಿಭಾಗದಲ್ಲಿ ಬದುಕುವವರಿಗೂ ಇದರ ತಿಳಿವಳಿಕೆ ಅಗತ್ಯ.

ಮೊದಲು ಇಂಗ್ಲಿಷ್ ಪದವನ್ನೇ ನೋಡೋಣ. ‘ಓನ್’ ಎಂಬುದು ವಿಶೇಷಣವೂ ಹೌದು, ಕ್ರಿಯಾಪದವೂ ಹೌದು. ವಿಶೇಷಣವಾದಾಗ ‘ತನ್ನದೇ ಆದ’ ಎಂಬರ್ಥ; ಕ್ರಿಯೆಯಾದಾಗ ‘ಒಡೆತನ ಪಡೆದಿರು’ ಎಂಬರ್ಥ; ‘ಅಪ್’ ಎಂಬುದರೊಡನೆ ಸೇರಿದಾಗ ‘ತಪ್ಪನ್ನು ಒಪ್ಪಿಕೊಳ್ಳು’ ಎಂಬರ್ಥ. ಸಾಲವಿರುವುದನ್ನು ಹೇಳುವ ‘ಓ’ ಮತ್ತು ಕರ್ತವ್ಯವನ್ನು ಹೇಳುವ ‘ಆಟ್’ ಎಂಬ ಪದಗಳೂ ಇದೇ ಮೂಲದವು. ಇರುವುದು, ಕೊಡಬೇಕಾದುದು, ಮಾಡಬೇಕಾದುದು ಮೂರೂ ಒಂದೇ ಬೇರಿನಿಂದ ಚಿಗುರಿವೆ.

ಕನ್ನಡದಲ್ಲಿ ಒಡೆತನದ ಬೇರು ಬೇರೆ. ‘ಒಡೆಯ’, ‘ಒಡತಿ’, ‘ಒಡವೆ’ ಎಂಬವು ಒಂದೇ ಕುಟುಂಬದ ಪದಗಳು; ತಮಿಳಿನ ‘ಉಡೈಮೈ’ ಇವುಗಳ ಜ್ಞಾತಿ. ‘ಒಡವೆ’ ಎಂದರೆ ಮೊದಲಿಗೆ ಸೊತ್ತು, ಸಂಪತ್ತು. ಇಂದು ನಾವು ಆ ಪದವನ್ನು ಆಭರಣಕ್ಕೆ ಸೀಮಿತಗೊಳಿಸಿದ್ದೇವೆ. ‘ಒಡೆಯ’ನು ವಸ್ತುವಿನ ಯಜಮಾನನೂ ಆದನು, ದೇವರೂ ಆದನು, ಮೈಸೂರಿನ ಅರಸು ಮನೆತನದ ಹೆಸರೂ ಆದನು. ಇನ್ನು ಬಸವಣ್ಣನವರ ಪ್ರಸಿದ್ಧ ವಚನದ ‘ಉಳ್ಳವರು’ ಎಂಬ ಪದವು ‘ಉಳ್’, ಅಂದರೆ ‘ಇರು’ ಎಂಬ ಧಾತುವಿನದು. ಇದ್ದವರೇ ಉಳ್ಳವರು. ಒಡೆತನವನ್ನು ‘ಇರುವಿಕೆ’ಯ ಮೂಲಕ ಹೇಳುವುದು ನಮ್ಮ ನುಡಿಯ ಜಾಯಮಾನ.

ಆದುದರಿಂದಲೇ ಕನ್ನಡದಲ್ಲಿ ವಿಭಕ್ತಿಯು ಬದಲಾದರೆ ಸಂಬಂಧವೇ ಬದಲಾಗುತ್ತದೆ. ಬೆಳ್ಳಿಯ ಆಭರಣಗಳಿಗೆ ಹೆಸರಾದ, ‘ಚಂದೇರಿ ನಗರಿ’ ಎಂದು ಕರೆಯಲ್ಪಡುವ ಹುಪರಿಯ ಒಂದು ಕಾಲ್ಪನಿಕ ನಿದರ್ಶನವನ್ನು ತೆಗೆದುಕೊಳ್ಳೋಣ. ವ್ಯಾಪಾರಿಯೊಬ್ಬನು ಗೆಜ್ಜೆ ಮಾಡಲೆಂದು ಕುಶಲಕರ್ಮಿಗೆ ಎರಡು ಕಿಲೊ ಬೆಳ್ಳಿ ಕೊಟ್ಟಿದ್ದಾನೆ. ಆಗ ಕುಶಲಕರ್ಮಿಯು ‘ನನ್ನ ಕಡೆ ಎರಡು ಕಿಲೊ ಬೆಳ್ಳಿ ಐತಿ’ ಎಂದರೆ ಅದು ನಿಜ. ‘ಆ ಬೆಳ್ಳಿ ನಂದು’ ಎಂದರೆ ಅದು ಸುಳ್ಳು. ಮೊದಲ ವಾಕ್ಯವು ಬೆಳ್ಳಿ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಯಾರದು ಎಂಬುದನ್ನು ಹೇಳುತ್ತದೆ. ಮರಾಠಿಯ ‘ಮಾಝ್ಯಾಕಡೆ’ ಮತ್ತು ‘ಮಾಝೀ’ ಎಂಬ ರೂಪಗಳಲ್ಲಿಯೂ ಇದೇ ಭೇದವಿದೆ. ಮೈಸೂರಿನ ಕಡೆಯವರು ‘ನನ್ನ ಹತ್ತಿರ’ ಎನ್ನುವಲ್ಲಿ ನಮ್ಮ ಭಾಗದವರು ‘ನನ್ನ ಕಡೆ’ ಎನ್ನುತ್ತಾರೆ.

ಚತುರ್ಥಿಯ ಕಾರ್ಯ ಇನ್ನೊಂದು ಬಗೆಯದು. ‘ಅವರಿಗೆ ಇಬ್ಬರು ಮಕ್ಕಳಿದ್ದಾರೆ’ ಎಂಬುದು ಬಿಡಲಾಗದ ಸಂಬಂಧವನ್ನು ಹೇಳುತ್ತದೆ. ‘ಅವರ ಹತ್ತಿರ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಉಳಿದ ಮಕ್ಕಳು ಬೇರೆಡೆ ಇರಬಹುದು, ಅಥವಾ ಇವರು ಬೇರೆಯವರ ಮಕ್ಕಳೇ ಇರಬಹುದು. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂಬ ವಾಕ್ಯವಾದರೋ ಇಂಗ್ಲಿಷಿನ ನೆರಳು. ‘ಹೊಂದು’ ಎಂಬುದಕ್ಕೆ ಸೇರು, ಒಪ್ಪು, ಪಡೆ ಎಂಬ ಅರ್ಥಗಳಿವೆ. ‘ಹೊಂದಿಕೆ’, ‘ಹೊಂದಾಣಿಕೆ’ ಎಂಬ ಪದಗಳೇ ಇದಕ್ಕೆ ಸಾಕ್ಷಿ.

ವಿಶೇಷಣದ ‘ಓನ್’ಗೂ ಎಲ್ಲೆಡೆ ‘ಸ್ವಂತ’ ಬೇಕಿಲ್ಲ. ‘ರಾಜನು ಮಂತ್ರಿಗೆ ತನ್ನ ಕುದುರೆಯನ್ನು ಕೊಟ್ಟನು’ ಎಂದಾಗ ಕುದುರೆ ರಾಜನದೆಂಬುದು ಸ್ಪಷ್ಟ. ‘ಅವನ ಕುದುರೆ’ ಎಂದಿದ್ದರೆ ಸಂದೇಹಕ್ಕೆ ಎಡೆಯಿತ್ತು. ಇಂಗ್ಲಿಷಿನಲ್ಲಿ ‘ಓನ್’ ನಿವಾರಿಸುವ ಸಂದೇಹವನ್ನು ಕನ್ನಡದಲ್ಲಿ ಆತ್ಮಾರ್ಥಕ ಸರ್ವನಾಮವೇ ನಿವಾರಿಸುತ್ತದೆ. ಬಾಡಿಗೆಯದಲ್ಲ, ಪಿತ್ರಾರ್ಜಿತವಲ್ಲ ಎಂದು ಒತ್ತಿ ಹೇಳಬೇಕಾದಾಗ ಮಾತ್ರ ‘ಸ್ವಂತ’ ಸಾರ್ಥಕ.

ಈ ಸೂಕ್ಷ್ಮಗಳು ವ್ಯಾಕರಣದಲ್ಲಿಯೇ ಮುಗಿಯುವುದಿಲ್ಲ. ಮಹಾರಾಷ್ಟ್ರದ ‘ಸಾತ್ ಬಾರಾ’ ಉತಾರದಲ್ಲಿ ಏಳನೆಯ ನಮೂನೆಯು ಹಕ್ಕುಗಳನ್ನೂ ಹನ್ನೆರಡನೆಯದು ಬೆಳೆಗಳನ್ನೂ ದಾಖಲಿಸುತ್ತದೆ. ಅಲ್ಲಿ ಕಾಣುವ ಪದ ‘ಭೋಗವಟಾದಾರ’, ಎಂದರೆ ಅನುಭೋಗಿಸುವವನು. ಗೇಣಿದಾರನು ಅದೇ ದಾಖಲೆಯಲ್ಲಿ ‘ಕುಳ’ ಎಂದು ಬೇರೆಯಾಗಿ ಬರುತ್ತಾನೆ. ಮುಂಬಯಿ ಪ್ರಾಂತದ 1948ರ ಗೇಣಿ ಕಾಯ್ದೆಗೆ ಆದ ತಿದ್ದುಪಡಿಯಂತೆ 1957ರ ಏಪ್ರಿಲ್ 1ರಂದು ಉಳುವ ಗೇಣಿದಾರನು, ಕಾಯ್ದೆಯ ನಿಬಂಧನೆಗಳಿಗೆ ಒಳಪಟ್ಟು, ಭೂಮಿಯನ್ನು ಕೊಂಡವನೆಂದು ಪರಿಗಣಿತನಾದನು. ಕರ್ನಾಟಕದಲ್ಲಿ ಗೇಣಿಯ ಭೂಮಿಗಳು 1974ರ ಮಾರ್ಚ್ 1ರಿಂದ ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರಿಗೆ ಅಧಿಭೋಗದ ಹಕ್ಕು ದೊರೆಯುವ ಮಾರ್ಗ ತೆರೆಯಿತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ಹಳೆಯ ‘ಒಡೆಯ’ನು ಅರಮನೆಯಿಂದ ನೇಗಿಲಿನ ಬಳಿಗೆ ಬಂದನು. ಇಂಥ ಸಂದರ್ಭದಲ್ಲಿ ಒಬ್ಬನ ಹೆಸರಿನ ಮುಂದೆ ‘ಕುಳ’ ಎಂದಿದೆಯೋ ಇಲ್ಲವೋ ಎಂಬುದರ ಮೇಲೆ ಅವನ ಹೊಲವೇ ನಿಂತಿತ್ತು.

ಆದುದರಿಂದ ಭಾಷಾಂತರಕಾರನು ‘ಮಾಲ್ಕಿ’ಯನ್ನೂ ‘ಕಬ್ಜೆ’ಯನ್ನೂ ಒಂದಾಗಿಸಲಾಗದು. ಮೊದಲನೆಯದು ಒಡೆತನ, ಎರಡನೆಯದು ಸ್ವಾಧೀನ, ಅಂದರೆ ವಸ್ತು ತನ್ನ ವಶದಲ್ಲಿರುವುದು. ಅಡವಿಟ್ಟ ಒಡವೆಯು ಸಾಲ ಕೊಟ್ಟವನ ವಶದಲ್ಲಿದ್ದರೂ ಅವನದಾಗುವುದಿಲ್ಲ.

ಅಭ್ಯಾಸಕ್ಕಾಗಿ ಮೂರು ವಾಕ್ಯಗಳು: ‘ನನಗೆ ಹೊಲವಿದೆ’, ‘ನನ್ನ ಕಡೆ ಹೊಲವಿದೆ’, ‘ಈ ಹೊಲ ನನ್ನದು’. ಇವುಗಳಲ್ಲಿ ಗೇಣಿದಾರನು ಯಾವುದನ್ನು ಹೇಳಬಲ್ಲನು, ಒಡೆಯನು ಯಾವುದನ್ನು ಹೇಳಬಲ್ಲನು, ಇಬ್ಬರೂ ಹೇಳಬಹುದಾದುದು ಯಾವುದು ಎಂಬುದನ್ನು ವಿದ್ಯಾರ್ಥಿಗಳು ಕಾರಣಸಹಿತವಾಗಿ ಬರೆಯಬೇಕು. ಬಳಿಕ ತಮ್ಮ ಊರಿನ ಹಿರಿಯರು ಈ ಮೂರನ್ನೂ ಹೇಗೆ ನುಡಿಯುತ್ತಾರೆಂದು ಕೇಳಿ ಬರೆದುಕೊಳ್ಳಬೇಕು.