ಬಾಡಿಗೆ ಕಾರಿನ ಗೀರು, ಸ್ವಂತ ಕಾರಿನ ಪ್ರೀಮಿಯಂ

ಬ್ರಿಟನ್ನಿನಲ್ಲಿ ಕಾರು ವಿಮೆ ಮಾಡಿಸುವ ಅರ್ಜಿಯಲ್ಲಿ ಒಂದು ಪ್ರಶ್ನೆ ಸಾಮಾನ್ಯವಾಗಿ ಇದ್ದೇ ಇರುತ್ತದೆ: ಕಳೆದ ಐದು ವರ್ಷಗಳಲ್ಲಿ ನಿಮ್ಮಿಂದ ಅಥವಾ ನಿಮಗೆ ಅಪಘಾತ, ಕ್ಲೇಮು, ನಷ್ಟ ಏನಾದರೂ ಆಗಿದೆಯೆ, ತಪ್ಪು ಯಾರದೇ ಇರಲಿ? ಕೆಲವು ಕಂಪನಿಗಳು ಮೂರು ವರ್ಷದ್ದಷ್ಟೇ ಕೇಳುತ್ತವೆ. ಸ್ವಂತ ಕಾರಿಗೆ ಏನೂ ಆಗಿರದವರು ಯೋಚಿಸದೆ ‘ಇಲ್ಲ’ ಒತ್ತಿ ಮುಂದೆ ಹೋಗುತ್ತಾರೆ. ರಜೆಯಲ್ಲಿ ಬಾಡಿಗೆ ಕಾರಿಗೆ ಗೀರು ಬಿದ್ದು, ಅದರ ದುಡ್ಡನ್ನು ಬೇರೊಂದು ಸಣ್ಣ ಪಾಲಿಸಿಯಿಂದ ವಾಪಸು ಪಡೆದವರ ಬೆರಳು ಮಾತ್ರ ಅಲ್ಲಿ ತಡೆಯುತ್ತದೆ. ರೆಡಿಂಗ್‌ನಲ್ಲಿ ನೆಲೆಸಿರುವ ಈ ಅಂಕಣಕಾರನ ಬೆರಳೂ ತಡೆಯಿತು.

ಬಾಡಿಗೆ ದರದಲ್ಲೇ ಮೂಲ ವಿಮೆ ಸೇರಿರುತ್ತದೆ, ನಿಜ. ಆದರೆ ಕಾರಿಗೆ ಹಾನಿಯಾದರೆ ಮೊದಲ ಸಾವಿರವೋ ಸಾವಿರದ ಐನೂರೋ, ಕೆಲವೆಡೆ ಎರಡು ಸಾವಿರವೋ ಪೌಂಡ್ ಬಾಡಿಗೆಗೆ ಪಡೆದವರೇ ಭರಿಸಬೇಕು. ಇದೇ ಎಕ್ಸೆಸ್. ಭಾರತದಲ್ಲಿ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ಕಡ್ಡಾಯ ಡಿಡಕ್ಟಿಬಲ್ ಎಂದರೆ 1000 ರೂಪಾಯಿ. ಆ ಲೆಕ್ಕಕ್ಕೆ ಒಗ್ಗಿದ ಜೀವ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬೆವರುತ್ತದೆ. ಕೌಂಟರಿನವರ ವ್ಯಾಪಾರ ನಿಂತಿರುವುದೇ ಆ ಬೆವರಿನ ಮೇಲೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಪೌಂಡ್ ಕೊಟ್ಟರೆ ಎಕ್ಸೆಸ್ಸನ್ನು ಸೊನ್ನೆ ಮಾಡಿಕೊಡುತ್ತಾರೆ. ಹೊರಗೆ, ಸ್ವತಂತ್ರ ವಿಮಾ ಕಂಪನಿಯಿಂದ ಇಡೀ ವರ್ಷಕ್ಕೆ ಎಕ್ಸೆಸ್ ಪಾಲಿಸಿ ಐವತ್ತು ಪೌಂಡಿನ ಆಸುಪಾಸಿಗೆ ಸಿಗುತ್ತದೆ. ಬಾಡಿಗೆ ಕಂಪನಿ ಬಿಟ್ಟುಬಿಡುವ ಟೈರು, ಗಾಜು, ಕಾರಿನ ತಳ ಕೂಡ ಅದರಲ್ಲಿ ಹೆಚ್ಚಾಗಿ ಸೇರಿರುತ್ತವೆ. ಒಂದೇ ತೊಡಕು: ಮೊದಲು ಬಾಡಿಗೆ ಕಂಪನಿಗೆ ಕೈಯಿಂದ ಕಟ್ಟಬೇಕು, ಆಮೇಲೆ ಬಿಲ್ಲು ತೋರಿಸಿ ವಸೂಲಿ.

ಅಂಕಣಕಾರನ ಪ್ರಸಂಗ ನಡೆದದ್ದು ಸ್ಕಾಟ್ಲೆಂಡಿನ ಆಪಲ್‌ಕ್ರಾಸ್‌ಗೆ ಹೋಗುವ ಬೆಲಾಖ್ ನ ಬಾ ಘಾಟಿಯಲ್ಲಿ. 626 ಮೀಟರ್ ಎತ್ತರಕ್ಕೆ ಹತ್ತುವ ಒಂಟಿ ಕಾರಿನಗಲದ ರಸ್ತೆ. ಎದುರಿನ ವಾಹನಕ್ಕೆ ದಾರಿ ಬಿಡಲು ಅಲ್ಲಲ್ಲಿ ಅಗಲಿಸಿದ ಜಾಗಗಳುಂಟು. ಕ್ಯಾಂಪರ್ ವ್ಯಾನೊಂದಕ್ಕೆ ಜಾಗ ಬಿಡಲು ರಿವರ್ಸ್ ಹೋದಾಗ ಎಡ ಹಿಂಚಕ್ರದ ಅಲಾಯ್ ಕಲ್ಲಿಗೆ ಉಜ್ಜಿತು, ಬಾಗಿಲ ಕೆಳಗೂ ಒಂದು ಉದ್ದನೆಯ ಗೀರು. ಬಾಡಿಗೆ ಕಂಪನಿ ದುರಸ್ತಿಯ ಜತೆಗೆ ‘ಆಡಳಿತ ಶುಲ್ಕ’ ಸೇರಿಸಿ ಕಾರ್ಡಿನಿಂದ ಹಣ ಕಿತ್ತುಕೊಂಡಿತು. ಬಾಡಿಗೆ ಕರಾರು, ಹಾನಿಯ ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟು, ಕಾರು ಪಡೆದಾಗಿನ ಫೋಟೊಗಳು, ಇಷ್ಟನ್ನು ಕಳಿಸಿದ ಮೇಲೆ ಎಕ್ಸೆಸ್ ವಿಮೆಯವರು ಹಣ ಕೊಟ್ಟರು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಅಷ್ಟರಲ್ಲಿ ಮನೆಯ ಕಾರಿನ ನವೀಕರಣ ಬಂತು.

ಮೊದಲು ನೆಮ್ಮದಿಯ ಸುದ್ದಿ. ಎಕ್ಸೆಸ್ ಪಾಲಿಸಿಗೂ ಸ್ವಂತ ಕಾರಿನ ನೋ ಕ್ಲೇಮ್ ಬೋನಸ್ಸಿಗೂ ಸಂಬಂಧವಿಲ್ಲ. ಬೋನಸ್ ಕರಗುವುದು ಆ ಕಾರಿನ ಪಾಲಿಸಿಯಿಂದ ಹಣ ಹೋದಾಗ. ಇಲ್ಲಿ ಒಂದು ಪೆನ್ನಿಯೂ ಹೋಗಿಲ್ಲ.

ಅರ್ಜಿಯ ಪ್ರಶ್ನೆ ಮಾತ್ರ ಕ್ಲೇಮಿಗೇ ನಿಲ್ಲುವುದಿಲ್ಲ. ಚಾಲಕನಾಗಿ ನಿಮ್ಮ ಕೈಯಲ್ಲಿ ಏನಾಯಿತು ಎಂದು ಅದು ಕೇಳುತ್ತದೆ, ಕಾರು ಯಾರದಾದರೂ ಸರಿ. 2013ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಕೇಳದ್ದನ್ನು ತಾವಾಗಿ ಹೇಳುವ ಹೊಣೆ ಗ್ರಾಹಕರಿಗಿಲ್ಲ. ಕೇಳಿದ್ದಕ್ಕೆ ತಪ್ಪು ಉತ್ತರ ಕೊಡದಂತೆ ಎಚ್ಚರ ವಹಿಸಿದರೆ ಸಾಕು. ಹಾಗಾಗಿ ‘ಈ ಪಾಲಿಸಿಯ ಮೇಲೆ ಕ್ಲೇಮು ಮಾಡಿದ್ದೀರಾ’ ಎಂದಷ್ಟೇ ಕೇಳಿದ್ದರೆ ಉತ್ತರ ಇಲ್ಲ. ‘ಯಾವುದೇ ವಾಹನದಲ್ಲಿ, ಕ್ಲೇಮು ಮಾಡಿರಲಿ ಬಿಡಲಿ’ ಎಂದಿದ್ದರೆ ಹೌದು. ತಿಳಿದೂ ಮುಚ್ಚಿಟ್ಟರೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು, ಕಟ್ಟಿದ ಪ್ರೀಮಿಯಂ ಹಿಂದಿರುಗಿಸಬೇಕೆಂದೂ ಇಲ್ಲ. ಚಕ್ರದ ಗೀರಿಗಾಗಿ ಆ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಜಾಣತನವೆಂದು ಅಂಕಣಕಾರನಿಗೆ ಅನಿಸಲಿಲ್ಲ. ಅವನು ಫೋನ್ ಮಾಡಿದ. ಆ ಕಡೆಯವರು ಕೇಳಿದ್ದು ಮೂರೇ: ಬೇರೆ ವಾಹನ ಇತ್ತೆ, ಯಾರಿಗಾದರೂ ಗಾಯವಾಯಿತೆ, ದುರಸ್ತಿಗೆ ಎಷ್ಟಾಯಿತು. ಪ್ರೀಮಿಯಂ ಕದಲಲಿಲ್ಲ. ಅದೇ ವಿವರ ತುಂಬಿದಾಗ ಇನ್ನೊಂದು ಕಂಪನಿಯ ದರ ಸ್ವಲ್ಪ ಏರಿತು. ಲೆಕ್ಕ ಹಾಕುವ ರೀತಿ ಒಬ್ಬೊಬ್ಬರದು ಒಂದೊಂದು.

ಹೇಳದಿದ್ದರೆ ಗೊತ್ತಾಗುವುದು ಹೇಗೆ ಎನ್ನುವವರಿಗೆ ಸಿಯುಇ ಎಂಬ ದತ್ತಾಂಶ ಸಂಗ್ರಹದ ಪರಿಚಯ ಬೇಕು. ವಾಹನ, ಮನೆ, ಗಾಯದ ಕ್ಲೇಮುಗಳನ್ನು ವಿಮಾ ಕಂಪನಿಗಳು ಅದರಲ್ಲಿ ದಾಖಲಿಸುತ್ತವೆ. ನೋಡಿಕೊಳ್ಳುವುದು ಮೋಟರ್ ಇನ್ಶೂರರ್ಸ್ ಬ್ಯೂರೊ. ನಮ್ಮ ಹೆಸರಿನಲ್ಲಿ ಏನಿದೆ ಎಂದು ಬ್ಯೂರೊವನ್ನು ನಾವೇ ಕೇಳಿ ಪಡೆಯಬಹುದು, ಶುಲ್ಕವಿಲ್ಲ. ಅಂಕಣಕಾರ ತನ್ನದನ್ನು ತರಿಸಿ ನೋಡಿದ: ಆ ಚಕ್ರದ ಸುಳಿವೇ ಇರಲಿಲ್ಲ. ಆದರೆ ಬಾಡಿಗೆ ಕಾರು ಇನ್ನೊಬ್ಬರ ಕಾರಿಗೆ ಗುದ್ದಿದ್ದರೆ ವಿಷಯವೇ ಬೇರೆ. ಆಗ ಎದುರಿನವರಿಗೆ ಹಣ ಕೊಡುವುದು ಬಾಡಿಗೆ ಕಂಪನಿಯ ವಾಹನ ವಿಮೆ, ದಾಖಲೆಯಲ್ಲಿ ಚಾಲಕರ ಹೆಸರು ಬರಬಹುದು. ಅಂಥ ಘಟನೆ ಸ್ವಂತ ಪ್ರೀಮಿಯಂಗೆ ತಟ್ಟಿದರೆ ಅದು ಎಕ್ಸೆಸ್ ಕ್ಲೇಮಿನಿಂದಲ್ಲ, ಗುದ್ದಿದ್ದರಿಂದ.

ಅಮೆರಿಕದಲ್ಲಿರುವ ನೆಂಟರ ಸಲಹೆಯನ್ನು ಇಲ್ಲಿಗೆ ತರಬಾರದು. ಅಲ್ಲಿ ಸ್ವಂತ ಕಾರಿನ ವಿಮೆಯೇ ಬಾಡಿಗೆ ಕಾರಿಗೂ ಚಾಚಿಕೊಳ್ಳುವುದು ವಾಡಿಕೆ; ಹಾಗೆ ಬಳಸಿದರೆ ಕ್ಲೇಮು ನೇರ ತಮ್ಮ ಪಾಲಿಸಿಯ ಮೇಲೇ ಬೀಳುತ್ತದೆ. ಬ್ರಿಟನ್ನಿನ ಸಾಮಾನ್ಯ ಪಾಲಿಸಿ ಬಾಡಿಗೆ ಕಾರಿನ ಹಾನಿಯನ್ನು ಮುಟ್ಟುವುದಿಲ್ಲ.

ಬೇಸಿಗೆಗೆ ಮಗಳ ಮನೆಗೆ ಬರುವ ಬೆಂಗಳೂರಿನ ಅಪ್ಪಂದಿರ ವಿಷಯ ಇನ್ನೂ ಸರಳ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ಹನ್ನೆರಡು ತಿಂಗಳು ಓಡಿಸಬಹುದು. ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ ಅವರ ಶೇ. 50ರ ಬೋನಸ್ಸಿಗೆ ಇಲ್ಲಿನ ಗೀರು ಅಂಟುವುದಿಲ್ಲ. ನೋಡಬೇಕಾದದ್ದು ಬೇರೆ: ಹಲವು ಎಕ್ಸೆಸ್ ಪಾಲಿಸಿಗಳು ಬ್ರಿಟನ್ ಅಥವಾ ಯುರೋಪಿನ ನಿವಾಸಿಗಳಿಗೆ ಮಾತ್ರ. ಮಗಳ ಹೆಸರಿನ ಪಾಲಿಸಿಯಲ್ಲಿ ಅಪ್ಪ ಓಡಿಸಿದರೂ ನಡೆಯುತ್ತದೆಯೆ ಎಂದು ಕೀಲಿ ಕೈಗೆ ಸಿಗುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದಿಟ್ಟುಕೊಳ್ಳಬೇಕು.